ಅಂತಃಶಲ್ಯ

ದೇಹಕ್ಕೆ ನೋವು ಬಂದಾಗ ಅದನ್ನು ವೈದ್ಯನಿಗೆ ತೋರಿಸುವುದು ಲೋಕರೂಢಿ. ಮನಸ್ಸಿಗೆ ನೋವು ಬಂದಾಗ ಅದನ್ನು ಯಾರಿಗೂ ತೋರಿಸದಿರುವುದೇ ದೊಡ್ಡತನವೆಂಬುದೂ ನಮ್ಮಲ್ಲಿ ಅಷ್ಟೇ ಬಲವಾದ ರೂಢಿಯಾಗಿರುವುದು. ಈ ಎರಡು ರೂಢಿಗಳೂ ಒಂದೇ ಮನೆಯಲ್ಲಿ, ಅನೇಕವೇಳೆ ಒಬ್ಬನೇ ಮನುಷ್ಯನಲ್ಲಿ, ಕೂಡಿ ಬಾಳುತ್ತಿರುವುವು. ಹಾಗೆ ಬಾಳುವಾಗ, ತೋರಿಸಬಾರದೆಂದು ಬಚ್ಚಿಟ್ಟ ನೋವು ತೋರಿಸಬಹುದಾದ ನೋವಿನ ವೇಷವನ್ನು ಧರಿಸಿ ಹೊರಗೆ ಬರುವುದುಂಟೇ? ಉಂಟಾದರೆ, ಸಹನೆಯೇ ಪರಮಗುಣವೆಂದು ಕಲಿತು ಬೆಳೆದ ನಾವು ಆ ಒಳನೋವನ್ನು ತೆರೆದು ನೋಡುವುದು ಧರ್ಮವೋ, ದೌರ್ಬಲ್ಯವೋ? ಈ ಪ್ರಶ್ನೆಯನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವು.

ಇದು ಕೇವಲ ಪಂಡಿತರ ಕುತೂಹಲದ ಪ್ರಶ್ನೆಯಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳಲ್ಲಿ ಸೊಂಟನೋವು, ಕತ್ತುನೋವು, ತಲೆನೋವುಗಳಲ್ಲಿ ಒಂದಾದರೂ ಇಲ್ಲದ ಮನೆ ಯಾವುದು? ಬಗ್ಗಿ ನಾಟಿ ಹಾಕುವವರಿಗೂ, ಆಲೂಗಡ್ಡೆಯ ಮೂಟೆ ಹೊರುವವರಿಗೂ, ಹೊಗೆಸೊಪ್ಪಿನ ಕೆಲಸದಲ್ಲಿ ದಿನವೆಲ್ಲ ನಿಲ್ಲುವವರಿಗೂ ಮೈ ನೋಯುವುದಕ್ಕೆ ಕಾರಣವನ್ನು ಹುಡುಕಬೇಕಾದುದಿಲ್ಲ. ಮುಪ್ಪಿನಿಂದ ಕೀಲುಗಳು ಸವೆಯುವುದೂ ಸಹಜವೇ. ಆದರೆ ದುಡಿಮೆಯೂ ಅಷ್ಟಿಲ್ಲದೆ, ಗಾಯವೂ ಆಗದೆ, ಎಕ್ಸ್‌ರೇ, ಸ್ಕ್ಯಾನಿಂಗ್ ಮೊದಲಾದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಕಾಣದೆ ವರ್ಷಗಟ್ಟಲೆ ನರಳುವವರೂ ಇದ್ದಾರೆ. ಮನೆಯವರು ಇಂಥವರನ್ನು ಮೊದಲು ಮರುಗುವರು; ಬಳಿಕ ಬೇಸರಪಡುವರು; ಕಡೆಗೆ ‘ಇದೆಲ್ಲ ಬರಿಯ ಸೋಗು’ ಎಂದುಬಿಡುವರು. ನೋವಿಗಿಂತಲೂ ಆ ಮಾತು ಹೆಚ್ಚು ನೋಯಿಸುವುದು.

ಆದಕಾರಣ ಮೊಟ್ಟಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಾರಣ ಕಾಣಲಿಲ್ಲವೆಂದ ಮಾತ್ರಕ್ಕೆ ನೋವು ಸುಳ್ಳಾಗದು. ನೋವನ್ನೇ ವಿಷಯವಾಗಿಟ್ಟುಕೊಂಡು ಅಧ್ಯಯನ ನಡೆಸುವ ಅಂತರರಾಷ್ಟ್ರೀಯ ವೈದ್ಯಸಂಘವು ೧೯೭೯ರಲ್ಲಿ ನೋವಿಗೆ ಒಂದು ಲಕ್ಷಣವನ್ನು ಹೇಳಿ, ೨೦೨೦ರಲ್ಲಿ ಅದನ್ನು ಪರಿಷ್ಕರಿಸಿತು. ನೋವೆಂಬುದು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು ಎಂಬುದು ಆ ಎರಡು ಲಕ್ಷಣಗಳಿಗೂ ಸಮಾನವಾದ ಅಂಶ. ೨೦೨೨ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವು, ಮೂರು ತಿಂಗಳನ್ನು ಮೀರಿ ಉಳಿದ ನೋವನ್ನು ದೀರ್ಘಕಾಲದ ನೋವೆಂದು ಕರೆದು, ಅದರಲ್ಲಿ ನೋವೇ ಸ್ವತಃ ರೋಗವಾಗಿರುವ ಒಂದು ವರ್ಗವನ್ನು ಅಂಗೀಕರಿಸಿರುತ್ತದೆ. ಇದರ ತಾತ್ಪರ್ಯವನ್ನು ಹೀಗೆ ವಿವರಿಸಬಹುದು. ನರಗಳು ತರುವ ಸುದ್ದಿಯನ್ನು ಮಿದುಳು ತೂಗಿ ನೋಡಿ, ಅಪಾಯವಿದೆಯೆಂದು ತೋರಿದಾಗ ನೋವಿನ ರೂಪದಲ್ಲಿ ಕೂಗಿ ಎಚ್ಚರಿಸುವುದು. ಭಯ, ಕೋಪ, ದುಃಖಗಳು ಬಹುಕಾಲ ಒಳಗೆ ನಿಂತಿದ್ದರೆ, ಕಳ್ಳನು ಹೋದ ಮೇಲೂ ಬೊಗಳುತ್ತಲೇ ಇರುವ ಮನೆಯ ನಾಯಿಯಂತೆ, ಆ ಎಚ್ಚರಿಕೆ ಗಾಯ ಮಾಗಿದ ಮೇಲೂ ನಿಲ್ಲದೆ ಹೋಗಬಹುದು. ಆಗಿನ ನೋವೂ ನೋವೇ. ಅದರಲ್ಲಿ ಸೋಗು ಎಳ್ಳಷ್ಟೂ ಇಲ್ಲ.

ಮನಸ್ಸಿನ ದುಃಖವು ಮೈಯ ಮಾತಿನಲ್ಲಿ ಏಕೆ ಹೊರಡಬೇಕು? ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ವಿಚಾರಣೆಯು ಒಳ್ಳೆಯ ಬೆಳಕನ್ನು ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರಾದ ಆರ್. ರಘುರಾಮ್, ಎಸ್. ಎಂ. ಚನ್ನಬಸವಣ್ಣ ಮೊದಲಾದವರು ಅಲ್ಲಿಗೆ ಬಂದ ೮೦ ಮಂದಿ ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳಿ, ತಮಗೆ ಕಂಡುದನ್ನು ೧೯೯೬ರಲ್ಲಿ ಪ್ರಕಟಿಸಿದರು. ಮನಸ್ಸಿನ ಖಿನ್ನತೆಯನ್ನು ಹೇಳಿಕೊಂಡರೆ ಜನರು ಹಗುರವಾಗಿ ಕಾಣುವರು, ಸಂಬಂಧಗಳಿಗೆ ಕುಂದು ಬರುವುದು, ಎಂಬ ಅಳುಕು ಆ ರೋಗಿಗಳಲ್ಲಿ ಇದ್ದಿತು. ಮೈನೋವನ್ನು ಹೇಳಿಕೊಳ್ಳುವುದರಲ್ಲಿ ಅಂಥ ಅಳುಕು ಕಡಮೆ. ಏಕೆಂದರೆ ಅದು ಎಲ್ಲರಿಗೂ ಬರುವಂಥದು. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದು ಆಶ್ಚರ್ಯವನ್ನುಂಟುಮಾಡದು. ‘ಸೊಂಟ ಹಿಡಿದಿದೆ’ ಎಂದವಳಿಗೆ ಎಣ್ಣೆಯೂ ಬಿಸಿನೀರೂ ಒಂದು ದಿನದ ವಿಶ್ರಾಂತಿಯೂ ದೊರೆಯುವುವು. ‘ಮನಸ್ಸಿಗೆ ಸಂಕಟವಾಗಿದೆ’ ಎಂದವಳಿಗೆ ದೊರೆಯುವುದು ಉಪದೇಶ. ಹೀಗಿರಲಾಗಿ ಸಂಕಟವು ಸೊಂಟದ ಬಾಗಿಲಿನಿಂದ ಹೊರಗೆ ಬಂದರೆ ಅದರಲ್ಲಿ ಯಾರ ತಪ್ಪೆನ್ನೋಣ?

ಬಚ್ಚಿಟ್ಟ ಭಾವವನ್ನು ಹೊರತೆಗೆದರೆ ನೋವು ತಗ್ಗುವುದೇ ಎಂಬುದು ಮುಂದಿನ ಪ್ರಶ್ನೆ. ನ್ಯೂಯಾರ್ಕ್ ನಗರದ ವೈದ್ಯ ಜಾನ್ ಸಾರ್ನೋ (೧೯೨೩–೨೦೧೭) ಎಂಬವರು, ಅನೇಕರ ಬೆನ್ನುನೋವಿಗೆ ಅದುಮಿಟ್ಟ ಕೋಪವೇ ಮೂಲವೆಂದು ಹಲವು ವರ್ಷ ಪ್ರತಿಪಾದಿಸಿದರು. ಅವರ ಮಾತು ಬಹುಜನಪ್ರಿಯವಾಯಿತು. ಸಾಕಷ್ಟು ಪ್ರಮಾಣವಿಲ್ಲವೆಂದು ಇತರ ವೈದ್ಯರು ಅದನ್ನು ಒಪ್ಪದೆಯೂ ಇದ್ದರು. ಆ ಬಳಿಕ ಕ್ರಮವರಿತ ಪರೀಕ್ಷೆಗಳು ನಡೆದುವು. ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ಬಹುಕಾಲದ ಬೆನ್ನುನೋವಿದ್ದ ೧೫೧ ಮಂದಿಯನ್ನು ಮೂರು ಗುಂಪಾಗಿ ವಿಂಗಡಿಸಿ ನಡೆಸಿದ ಪರೀಕ್ಷೆಯ ಫಲವು ೨೦೨೧ರಲ್ಲಿ ಪ್ರಕಟವಾಯಿತು. ನೋವಿನ ಸ್ವರೂಪವನ್ನು ತಿಳಿಸಿಕೊಟ್ಟು, ಅದರ ಭಯವನ್ನು ಬಿಡಿಸಿ, ಒಳಗಿನ ಭಾವಗಳನ್ನೂ ಗಮನಿಸುವ ಅಭ್ಯಾಸ ಮಾಡಿಸಿದ ೫೦ ಮಂದಿಯಲ್ಲಿ ೩೩ ಮಂದಿಗೆ ನೋವು ಇಲ್ಲವಾಯಿತು, ಇಲ್ಲವೆ ಇಲ್ಲವೆನ್ನುವಷ್ಟು ತಗ್ಗಿತು. ವಾಡಿಕೆಯ ಚಿಕಿತ್ಸೆಯಲ್ಲಿದ್ದವರ ಪೈಕಿ ಹಾಗಾದುದು ನೂರಕ್ಕೆ ಹತ್ತರಷ್ಟು ಮಂದಿಗೆ ಮಾತ್ರ. ೨೦೨೪ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ನಮ್ಮಂಥ ವಯಸ್ಸಾದವರ ವಿಷಯದ್ದು: ಅರುವತ್ತು ದಾಟಿದ ೧೨೬ ಮಂದಿ ಮಾಜಿ ಸೈನಿಕರು. ಅದುಮಿದ ಭಾವಗಳನ್ನು ಗುರುತಿಸಿ ನುಡಿಯುವುದನ್ನು ಕಲಿತವರಲ್ಲಿ ನೂರಕ್ಕೆ ೬೩ ಮಂದಿಯ ನೋವು ನೂರಕ್ಕೆ ಮೂವತ್ತು ಪಾಲಿನಷ್ಟಾದರೂ ಇಳಿಯಿತು; ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಪ್ರಸಿದ್ಧ ಮನಶ್ಚಿಕಿತ್ಸೆಯನ್ನು ಪಡೆದವರಲ್ಲಿ ೧೭ ಮಂದಿಗೆ ಮಾತ್ರ ಹಾಗಾಯಿತು. ಇವು ದೊಡ್ಡ ಪರೀಕ್ಷೆಗಳಲ್ಲ. ಎಲ್ಲ ನೋವಿಗೂ ಇದೇ ಮದ್ದೆಂದು ಇವುಗಳಿಂದ ಸಿದ್ಧವಾಗುವುದೂ ಇಲ್ಲ. ಆದರೂ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವ ಕಾಲವು ಮುಗಿದಿರುವುದು.

ಇಲ್ಲಿಯವರೆಗಿನದು ವೈದ್ಯದ ವಿಚಾರ. ನಮ್ಮ ಮನೆಗಳಲ್ಲಿ ಏಳುವ ಆಕ್ಷೇಪವು ಧರ್ಮದ್ದು. ‘ಇಂದ್ರಿಯನಿಗ್ರಹ, ಮನೋನಿಗ್ರಹಗಳನ್ನು ಹೇಳಿದ ನಾಡು ನಮ್ಮದು. ಕೋಪ ಬಂದರೆ ನುಂಗಬೇಕು, ದುಃಖ ಬಂದರೆ ತಡೆಯಬೇಕು ಎಂದು ಹಿರಿಯರು ಹೇಳಿರುವಾಗ, ಅವುಗಳನ್ನು ಕೆದಕಿ ಹೊರಗೆ ಹಾಕೆಂಬುದು ಪರದೇಶದ ಬೋಧೆಯಲ್ಲವೇ?’ ಎಂಬುದೇ ಆ ಆಕ್ಷೇಪ. ಇದು ಅಸಾರವಾದುದಲ್ಲ. ಆದರೆ ಹಿರಿಯರು ಹೇಳಿದುದೇನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ ವೇಗಗಳನ್ನು ಕುರಿತದ್ದು. ಹಸಿವು, ಬಾಯಾರಿಕೆ, ನಿದ್ರೆ, ಆಕಳಿಕೆ, ಸೀನು, ದಣಿದವನ ಏದುಸಿರು ಮೊದಲಾದ ಹದಿಮೂರು ವೇಗಗಳನ್ನು ಅಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ಕಣ್ಣೀರೂ ಒಂದು. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ರೋಗ, ಹೃದ್ರೋಗ, ಅರುಚಿ, ತಲೆತಿರುಗುಗಳು ಉಂಟಾಗುವುವೆಂದು ಹೇಳಿ, ಚಿಕಿತ್ಸೆಯಾಗಿ ನಿದ್ರೆ, ಮದ್ಯ, ಪ್ರಿಯವಾದ ಮಾತುಕಥೆ, ಈ ಮೂರನ್ನು ವಿಧಿಸಿದ್ದಾರೆ. ನಡುವಿನದನ್ನು ಗೃಹಸ್ಥರು ಬಿಟ್ಟರೂ ಮಿಕ್ಕ ಎರಡಕ್ಕೆ ಯಾರ ತಕರಾರೂ ಇರಲಾರದು. ಇನ್ನು ಸೋಜಿಗವೇನೆಂದರೆ, ಅದೇ ಅಧ್ಯಾಯದಲ್ಲಿ ಕೆಲವು ಶ್ಲೋಕಗಳ ಮುಂದೆ, ತಡೆಯಲೇಬೇಕಾದ ವೇಗಗಳ ಪಟ್ಟಿಯೂ ಉಂಟು. ಲೋಭ, ಶೋಕ, ಭಯ, ಕ್ರೋಧ, ಅಭಿಮಾನ, ಈರ್ಷ್ಯೆ ಮುಂತಾದುವು ಅದರಲ್ಲಿ ಸೇರಿವೆ. ಕಣ್ಣೀರನ್ನು ತಡೆಯಬೇಡ, ಶೋಕವನ್ನು ತಡೆ ಎಂದರೇನರ್ಥ? ಶೋಕವಿಲ್ಲದೆ ಕಣ್ಣೀರು ಎಲ್ಲಿಂದ ಬರಬೇಕು?

ವಿರೋಧವು ತೋರಿಕೆಯದು ಮಾತ್ರವೆಂದು ನನ್ನ ಅಭಿಪ್ರಾಯ. ಅಲ್ಲಿ ತಡೆಯಹೇಳಿರುವುದು ಶೋಕದ, ಕ್ರೋಧದ ವೇಗವನ್ನು. ಎಂದರೆ ಮನುಷ್ಯನನ್ನು ಕೊಚ್ಚಿಕೊಂಡು ಹೋಗಿ ಆಡಬಾರದುದನ್ನು ಆಡಿಸುವ, ಮಾಡಬಾರದುದನ್ನು ಮಾಡಿಸುವ ಆ ನೂಕನ್ನು. ತನ್ನೊಳಗೆ ಶೋಕವಿದೆ, ಕ್ರೋಧವಿದೆ ಎಂಬ ಅರಿವನ್ನು ತಡೆಯೆಂದು ಹೇಳಿದುದಲ್ಲ. ಕುದುರೆಯನ್ನು ಹಿಡಿದು ನಿಲ್ಲಿಸುವವನು ಕುದುರೆಯನ್ನು ಕಂಡಿರಬೇಕಷ್ಟೆ. ಕುದುರೆಯೇ ಇಲ್ಲವೆಂದು ಕಣ್ಣು ಮುಚ್ಚಿದವನು ಯಾವುದಕ್ಕೆ ಕಡಿವಾಣ ಹಾಕುವನು? ಮೊದಲನೆಯದು ನಿಗ್ರಹ, ಎರಡನೆಯದು ನಿಗೂಹನ, ಎಂದರೆ ಮುಚ್ಚಿಡುವುದು. ಇವೆರಡನ್ನೂ ಒಂದೇ ಎಂದು ಭ್ರಮಿಸಿದುದರಿಂದಲೇ ನಮ್ಮ ಎಷ್ಟೋ ಮನೆಗಳಲ್ಲಿ ಸಂಕಟವು ಸದ್ಗುಣದ ಹೆಸರಿನಲ್ಲಿ ಬೆಳೆಯುತ್ತಿರುವುದು.

ಭಗವದ್ಗೀತೆಯ ಮೂರನೆಯ ಅಧ್ಯಾಯವೂ ಈ ಭೇದವನ್ನೇ ಎತ್ತಿ ತೋರಿಸುವುದು. ಕರ್ಮೇಂದ್ರಿಯಗಳನ್ನು ಬಿಗಿಹಿಡಿದು, ಮನಸ್ಸಿನಲ್ಲಿ ಮಾತ್ರ ಆ ವಿಷಯವನ್ನೇ ನೆನೆಯುತ್ತ ಕುಳಿತವನಿಗೆ ಅಲ್ಲಿ ಸಂಯಮಿಯೆಂಬ ಬಿರುದು ದೊರೆಯಲಿಲ್ಲ. ದೊರೆತುದು ಮಿಥ್ಯಾಚಾರನೆಂಬ ಹೆಸರು. ವೇದಾಂತಿಗಳು ಶಮದಮಾದಿಗಳಲ್ಲಿ ಎಣಿಸುವ ತಿತಿಕ್ಷೆಯೂ ಹಾಗೆಯೇ; ಒಳಗೆ ಕೊರಗಿಲ್ಲದೆ ಸಹಿಸುವುದೇ ತಿತಿಕ್ಷೆ. ಹಲ್ಲು ಕಚ್ಚಿಕೊಂಡು, ಒಳಗೆ ಇಪ್ಪತ್ತು ವರ್ಷದ ಹಳೆಯ ಮಾತನ್ನು ದಿನವೂ ಮೆಲುಕುಹಾಕುವುದನ್ನು ತಿತಿಕ್ಷೆಯೆಂದರೆ ಆ ಪದಕ್ಕೇ ಅಪಚಾರ. ಸಚ್ಚಿದಾನಂದೇಂದ್ರ ಸರಸ್ವತಿಗಳು (೧೮೮೦–೧೯೭೫) ನೆಲಸಿ ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು ನಡೆಸಿದ ಹೊಳೆನರಸೀಪುರದ ಸೀಮೆಯವರಿಗೆ ಸಾಕ್ಷಿಯೆಂಬ ಮಾತು ಹೊಸದಲ್ಲ. ಮನಸ್ಸಿನ ವೃತ್ತಿಗಳೆಲ್ಲವನ್ನೂ ಬೆಳಗುವವನು ಸಾಕ್ಷಿ. ಕೋಪವೂ ವೃತ್ತಿಯೇ, ದುಃಖವೂ ವೃತ್ತಿಯೇ. ಕಂಡಾಗ ಅವು ದೃಶ್ಯ, ತಾನು ದ್ರಷ್ಟೃ. ಕಾಣಲೊಲ್ಲೆನೆಂದು ಮುಚ್ಚಿಟ್ಟುದಕ್ಕೆ ತಾನು ಸಾಕ್ಷಿಯೆಂದು ಹೇಳಿಕೊಳ್ಳುವುದು ಹೇಗೆ? ‘ನಾನು ದೇಹವಲ್ಲ, ನನಗೆ ದುಃಖವಿಲ್ಲ’ ಎಂಬುದು ವಿಚಾರದ ಕೊನೆಯಲ್ಲಿ ಬರಬೇಕಾದ ಮಾತು. ಅದನ್ನು ಮೊದಲಿಗೇ ಆಡಿದರೆ ಬಾಯಿ ವೇದಾಂತವನ್ನು ನುಡಿಯುವುದು, ಬೆನ್ನು ಮಾತ್ರ ನಿಜವನ್ನು ನುಡಿಯುವುದು.

ಈ ತತ್ತ್ವಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟದ ಮೇಲೆ, ಚಾವುಂಡರಾಯನು ಕ್ರಿ.ಶ. ೯೮೧ರ ಸುಮಾರಿಗೆ ಮಾಡಿಸಿದ ೫೮ ಅಡಿಯ ಬಾಹುಬಲಿಯ ಮೂರ್ತಿ ನಿಂತಿದೆ. ಅಣ್ಣನಾದ ಭರತನನ್ನು ಯುದ್ಧದಲ್ಲಿ ಗೆದ್ದು, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು, ಬಾಹುಬಲಿಯು ಒಂದು ವರ್ಷಕಾಲ ಅಲುಗದೆ ತಪಸ್ಸಿಗೆ ನಿಂತನು. ಕಾಲ ಬಳಿ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ದೇಹನಿಗ್ರಹದಲ್ಲಿ ಇದಕ್ಕಿಂತ ಮುಂದೆ ಹೋಗುವುದು ಯಾರಿಗೆ ಸಾಧ್ಯ? ಆದರೂ ಕೇವಲಜ್ಞಾನವು ಉಂಟಾಗಲಿಲ್ಲ. ತನ್ನಿಂದ ಅಣ್ಣನಿಗೆ ಕ್ಲೇಶವಾಯಿತಲ್ಲಾ ಎಂಬ ಅಳಲು ಹೃದಯದಲ್ಲಿ ಉಳಿದಿದ್ದುದೇ ಕಾರಣವೆಂದು ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಪುರಾಣವು ಹೇಳುವುದು. ತಾನು ನಿಂತ ನೆಲವು ಅಣ್ಣನದೆಂಬ ಚುಚ್ಚುವಿಕೆಯೆಂದು ಜನರು ಹೇಳುವರು. ಎರಡರಲ್ಲಿಯೂ ಸಾರವೊಂದೇ. ಭರತನು ತಾನೇ ಬಂದು ವಂದಿಸಿದಾಗ ಆ ಚುಚ್ಚುವಿಕೆ ನೀಗಿತು, ಜ್ಞಾನವೂ ಉದಿಸಿತು.

ಇಂಥದನ್ನು ಜೈನರು ಶಲ್ಯವೆನ್ನುವರು. ವ್ರತಿಯಾದವನು ನಿಃಶಲ್ಯನಾಗಿರಬೇಕೆಂಬುದೂ, ಒಳಗಿನದನ್ನು ಮರೆಮಾಚದೆ ಗುರುವಿನ ಮುಂದೆ ಆಲೋಚನೆ ಮಾಡಬೇಕೆಂಬುದೂ ಅವರ ನಿಯಮ. ಮೈಯಲ್ಲಿ ನೆಟ್ಟು ಉಳಿದ ಮುಳ್ಳಿಗೂ ಬಾಣದ ಮೊನೆಗೂ ಶಲ್ಯವೆಂದೇ ಹೆಸರು. ಅದನ್ನು ಕೀಳುವ ವಿದ್ಯೆಯಾದುದರಿಂದಲೇ ಶಸ್ತ್ರವೈದ್ಯಕ್ಕೆ ಶಲ್ಯತಂತ್ರವೆಂದರು. ಮನಸ್ಸಿಗೂ ಮೈಗೂ ಒಂದೇ ಪದವನ್ನು ಬಳಸಿದ ನಮ್ಮವರು ಮುಳ್ಳನ್ನು ಕೀಳಬೇಕೆಂದರೇ ಹೊರತು, ಅದರ ಮೇಲೆ ಚರ್ಮ ಬೆಳೆಯಿಸಿಕೊಳ್ಳೆಂದು ಹೇಳಲಿಲ್ಲ. ಬಾಹುಬಲಿಯ ಶಲ್ಯವು ದುಷ್ಟಭಾವವೂ ಆಗಿರಲಿಲ್ಲವೆಂಬುದನ್ನು ಗಮನಿಸಬೇಕು. ಅಣ್ಣನ ಮೇಲಣ ಮಮತೆಯೇ ಅಲ್ಲಿ ಮುಳ್ಳಾಗಿದ್ದಿತು.

ಪುರಾಣದ ಮಾತು ಸಂಸಾರಿಗಳಿಗೆ ಎಷ್ಟರಮಟ್ಟಿಗೆ ಹೊಂದುವುದೆಂಬ ಶಂಕೆ ಬರಬಹುದು. ನಮ್ಮ ಸೀಮೆಯ ಒಂದು ಮನೆಯ ವೃತ್ತಾಂತವನ್ನು ಹೆಸರೆತ್ತದೆ ಹೇಳುವೆನು. ಅಣ್ಣತಮ್ಮಂದಿರು ಪಾಲಾದರು. ತೆಂಗಿನ ತೋಟದ ವಿಷಯದಲ್ಲಿ ತಮ್ಮನು ತನ್ನನ್ನು ಒಂದು ಮಾತೂ ಕೇಳದೆ ನಡೆದುಕೊಂಡನೆಂದು ಅಣ್ಣನಿಗೆ ಮನಸ್ಸು ಮುರಿಯಿತು. ಆದರೆ ಹಿರಿಯನಾದವನು ಆಸ್ತಿಗಾಗಿ ಜಗಳವಾಡಬಾರದೆಂದು ಆತನು ತುಟಿ ಪಿಟಕ್ಕೆನ್ನಲಿಲ್ಲ. ಊರೆಲ್ಲ ಆತನ ತಾಳ್ಮೆಯನ್ನು ಹೊಗಳಿತು. ಅದರ ಮರುವರ್ಷದಿಂದ ಬಲಭುಜವೂ ಕತ್ತೂ ನೋಯತೊಡಗಿದುವು. ಪರೀಕ್ಷೆಗಳಾದುವು, ತೈಲಗಳಾದುವು, ದೋಷವೂ ಕಾಣಲಿಲ್ಲ, ಗುಣವೂ ಕಾಣಲಿಲ್ಲ. ಕೇಳಿದವರಿಗೆಲ್ಲ ಆತನು, ‘ನನಗೆ ಅವನ ಮೇಲೆ ಕೋಪವೇ ಇಲ್ಲ’ ಎನ್ನುತ್ತಿದ್ದನು. ಒಂದು ದಿನ ಆತನ ಹೆಂಡತಿ, ಬಹಳ ಮಾತಿನವಳಲ್ಲ, ‘ಕೋಪ ಇಲ್ಲದಿದ್ದರೆ ಏಳು ವರ್ಷದಿಂದ ಆ ಬೀದಿಯಲ್ಲಿ ಯಾಕೆ ಹೋಗೋದಿಲ್ಲ ನೀವು?’ ಎಂದಳು. ಆತನು ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಅತ್ತುಬಿಟ್ಟನು. ‘ತೋಟ ಹೋಗಲಿ, ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ, ಎತ್ತಿ ಆಡಿಸಿದ ಹುಡುಗ’ ಎಂದನು. ಆ ರಾತ್ರಿ ಚೆನ್ನಾಗಿ ನಿದ್ರೆ ಬಂದಿತಂತೆ. ನೋವು ಒಂದೇ ದಿನದಲ್ಲಿ ಹೋಗಲಿಲ್ಲ. ಪೂರಾ ಹೋಯಿತೆಂದೂ ಹೇಳಲಾರೆ. ತಮ್ಮನೂ ಭರತನಂತೆ ಬಂದು ನಮಸ್ಕರಿಸಲಿಲ್ಲ. ಆದರೆ ಕೆಲವು ತಿಂಗಳಲ್ಲಿ ಆತನು ಕೈಯೆತ್ತಿ ಅಂಗಿ ಹಾಕಿಕೊಳ್ಳುವಂತಾದನು. ಆ ಬೀದಿಯಲ್ಲಿ ನಡೆದುಹೋಗುವಂತೆಯೂ ಆದನು. ಒಬ್ಬನ ಕಥೆಯಿಂದ ಸಿದ್ಧಾಂತವಾಗದೆಂಬುದನ್ನು ಬಲ್ಲೆನು. ಆತನು ಏಳು ವರ್ಷ ಮಾಡಿದುದು ತಾಳ್ಮೆಯೇ ಎಂಬ ಪ್ರಶ್ನೆಗಾಗಿ ಮಾತ್ರ ಇದನ್ನು ಹೇಳಿದೆನು.

ಹಾಗಾದರೆ ಮನಸ್ಸಿಗೆ ಬಂದುದನ್ನೆಲ್ಲ ಬಾಯಿಗೆ ಬಂದಂತೆ ಆಡಿಬಿಡಬೇಕೇ? ಎಂದಿಗೂ ಇಲ್ಲ. ಭವಭೂತಿಯು ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ, ರಾಮನ ಅಡಗಿಸಿದ ಶೋಕವನ್ನು ಬಾಯಿಮುಚ್ಚಿ ಕಾಯಿಸಿದ ಔಷಧದ ಪಾತ್ರೆಗೆ ಹೋಲಿಸಿ, ತುಂಬಿದ ಕೆರೆಗೆ ನೀರು ಹೊರಹರಿಯುವ ದಾರಿಯೇ ಪರಿಹಾರವಾಗುವಂತೆ ಶೋಕಕ್ಕೆ ಪ್ರಲಾಪವೇ ಆಸರೆಯೆಂಬ ಭಾವವನ್ನು ಇಟ್ಟಿರುವನು. ಕೆರೆಗಳ ಸೀಮೆಯವರಾದ ನಮಗೆ ಈ ಉಪಮಾನದ ಬೆಲೆ ಗೊತ್ತು. ಕೋಡಿ ಹರಿಯುವುದು ಬೇರೆ, ಏರಿ ಒಡೆಯುವುದು ಬೇರೆ. ಕೋಡಿಯಿಲ್ಲದ ಕೆರೆಯ ಏರಿಯೇ ಮೊದಲು ಒಡೆಯುವುದು. ಕೋಪವನ್ನು ಕೋಪದಿಂದಲೇ ತೀರಿಸಿಕೊಳ್ಳುವುದು ಏರಿ ಒಡೆದಂತೆ. ಅದರಿಂದ ಕೋಪ ಶಮನವಾಗದೆ ಹೆಚ್ಚುವುದೆಂದು ಬ್ರಾಡ್ ಬುಶ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ೨೦೦೨ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ತೋರಿಸಿದೆ. ನೋಯಿಸಿದವನ ಮೇಲೆ ಎರಗುವುದರಲ್ಲಿ ಪರಿಹಾರವಿಲ್ಲ. ನೊಂದಿದ್ದೇನೆಂದು ತನಗೆ ತಾನು ಒಪ್ಪಿಕೊಂಡು, ತಕ್ಕವರ ಮುಂದೆ ತಕ್ಕ ಮಾತಿನಲ್ಲಿ ಹೇಳುವುದರಲ್ಲಿ ಉಂಟು. ಹೇಳಿಕೊಳ್ಳುವವರು ಯಾರೂ ಇಲ್ಲದಿದ್ದರೆ ಬರೆಯಬಹುದು. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಎಂಬವರು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ ೧೫ ನಿಮಿಷ, ತಮಗಾದ ಅತಿ ದೊಡ್ಡ ನೋವನ್ನು ಕುರಿತು ಬರೆಯಿಸಿದರು. ಅವರು ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಯ ಬಾಗಿಲಿಗೆ ಹೋದುದು ಕಡಮೆಯಾಯಿತೆಂದು ೧೯೮೬ರ ಅವರ ಬರೆಹವು ತಿಳಿಸುವುದು.

ನಮ್ಮ ಹೆಣ್ಣುಮಕ್ಕಳಿಗೆ ಇಂಥ ಕೋಡಿಯೊಂದು ಹಿಂದೆ ಇದ್ದಿತು. ನಸುಕಿನಲ್ಲಿ ರಾಗಿ ಬೀಸುವಾಗ ಅವರು ತವರಿನ ಹಂಬಲವನ್ನೂ ಅತ್ತೆಮನೆಯ ಸಂಕಟವನ್ನೂ ಹಾಡಿ ಹೇಳಿಕೊಳ್ಳುತ್ತಿದ್ದರು. ಕೇಳುವುದಕ್ಕೆ ಕಲ್ಲಾದರೂ ಇರುತ್ತಿದ್ದಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (೧೯೦೪–೧೯೯೧) ನಮ್ಮ ಹಳ್ಳಿಗಳ ಹಾಡುಗಳನ್ನು ಸಂಗ್ರಹಿಸಿ ಉಪಕಾರ ಮಾಡಿದರು. ಈಗ ಹಿಟ್ಟು ಗಿರಣಿಯಿಂದ ಬರುವುದು. ರಟ್ಟೆಗೆ ಬಿಡುವು ದೊರೆತುದು ಸಂತೋಷವೇ. ಆದರೆ ಹಾಡು ನಿಂತಿತು. ಅದರ ಜಾಗಕ್ಕೆ ಮತ್ತೊಂದನ್ನು ನಾವು ಕೊಡಲಿಲ್ಲ. ಸಹನೆಯೆಂಬ ಗುಣವನ್ನು ನಮ್ಮ ಮನೆಗಳು ಎಲ್ಲರಿಗೂ ಸಮನಾಗಿ ಹಂಚಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಯಜಮಾನನ ಕೋಪಕ್ಕೆ ಗಾಂಭೀರ್ಯವೆಂದೂ ಸೊಸೆಯ ಕೋಪಕ್ಕೆ ಉದ್ಧಟತನವೆಂದೂ ಹೆಸರಿಡುತ್ತೇವೆ. ಹುಡುಗನು ಅತ್ತರೆ ‘ಹೆಣ್ಣಿನ ಹಾಗೆ ಅಳಬೇಡ’ ಎನ್ನುತ್ತೇವೆ. ಸಹಿಸುವವರ ಮೌನದಿಂದ ಲಾಭ ಪಡೆಯುವವರೇ ಸಹನೆಯನ್ನು ಹೊಗಳುತ್ತಿದ್ದರೆ, ಆ ಹೊಗಳಿಕೆಯನ್ನು ಧರ್ಮೋಪದೇಶವೆನ್ನಲಾಗದು.

ಎರಡು ಎಚ್ಚರಿಕೆಗಳು ಅವಶ್ಯವಾಗಿವೆ. ಮೊದಲನೆಯದು: ನೋವು ಬಂದೊಡನೆ ಮನಸ್ಸಿನ ಕಡೆಗೆ ಬೆರಳು ತೋರಿಸಬಾರದು. ಕಾಲು ಜೋಮು ಹಿಡಿದು ಬಲಗುಂದುವುದು, ಜ್ವರ, ಕಾರಣವಿಲ್ಲದೆ ಮೈ ಇಳಿಯುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಎದೆನೋವು, ಇಂಥವು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಯಾವ ನೋವಿಗಾದರೂ ಮೊದಲು ಸರಿಯಾದ ದೇಹಪರೀಕ್ಷೆ ಆಗಲೇಬೇಕು. ದೇಹದ ಕಾರಣವಿದ್ದಲ್ಲಿಯೂ ದುಃಖವು ಅದನ್ನು ಹೆಚ್ಚಿಸಬಹುದೆಂಬುದು ಆಮೇಲಿನ ಮಾತು. ಎರಡನೆಯದು: ‘ನಿನ್ನ ನೋವೆಲ್ಲ ಮನಸ್ಸಿನದು’ ಎಂಬ ಮಾತನ್ನು ನೊಂದವರಿಗೆ ಬೈಗುಳದಂತೆ ಆಡಬಾರದು. ಒಳಮುಳ್ಳನ್ನು ಹುಡುಕುವ ಹಕ್ಕು ನೊಂದವರದು. ಇತರರಿಗೆ ಇರುವುದು ಕೇಳುವ ಕರ್ತವ್ಯ ಮಾತ್ರ. ಮನೆಯಲ್ಲಿ ಕೇಳುವವರಿಲ್ಲದಿದ್ದರೆ, ೨೦೨೨ರಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ವ್ಯವಸ್ಥೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆ ಕೇಳುವ ಕರ್ತವ್ಯವು ಸುಲಭವಾದುದಲ್ಲ. ಕೇಳುವವನು ನಡುವೆ ಬಾಯಿ ಹಾಕದೆ, ನ್ಯಾಯ ಹೇಳದೆ, ‘ನನಗೂ ಹೀಗೆಯೇ ಆಗಿತ್ತು’ ಎಂದು ತನ್ನ ಕಥೆಯನ್ನು ತೆಗೆಯದೆ, ಕೇಳಿದುದನ್ನು ಇನ್ನೊಂದು ಮನೆಗೆ ಸಾಗಿಸದೆ ಇರಬೇಕು. ಕಾವ್ಯವನ್ನು ಕೇಳುವವನಿಗೆ ಸಹೃದಯನೆಂದು ಹೆಸರಿಟ್ಟ ನಮ್ಮವರು, ಆ ಹೆಸರನ್ನು ನೆರೆಮನೆಯ ದುಃಖವನ್ನು ಕೇಳುವವನಿಗೂ ಕೊಡುತ್ತಿದ್ದರೆಂದು ನಂಬುವೆನು. ನಮ್ಮ ಮನೆಗಳಲ್ಲಿ ಬಹುದಿನದಿಂದ ಸೊಂಟನೋವೆಂದು ಮಲಗಿರುವ ಅತ್ತಿಗೆಯೋ, ತಲೆನೋವೆಂದು ಬಾಗಿಲು ಹಾಕಿಕೊಳ್ಳುವ ಮಗನೋ ಇದ್ದರೆ, ವೈದ್ಯರ ಮದ್ದನ್ನು ತಪ್ಪದೆ ಕೊಡೋಣ. ಅದರೊಡನೆ ಒಂದು ಸಂಜೆ ಬೇರೆ ಕೆಲಸವನ್ನು ಬದಿಗಿಟ್ಟು ಹತ್ತಿರ ಕುಳಿತು, ‘ಏನಾಗಿದೆ, ಹೇಳು’ ಎಂದು ಕೇಳೋಣ. ಅವರು ಹೇಳುವವರೆಗೆ ಸುಮ್ಮನೆ ಕುಳಿತಿರೋಣ.